ಏಳನೆಯ ಹೆಸರು

ಶನಿವಾರ ಹನ್ನೆರಡೂವರೆಗೆ ನನ್ನ ಪೀರಿಯಡ್. ಅರ್ಧ ದಿನದ ಕೊನೆಯ ತರಗತಿ. ಅಷ್ಟು ಹೊತ್ತಿಗೆ ಬಿ.ಬಿ.ಎಂ. ಮೂರನೇ ವರ್ಷದ ಮಕ್ಕಳ ತಲೆಯಲ್ಲಿ ಊಟ, ಸಿನಿಮಾ, ಟಿನ್ ಫ್ಯಾಕ್ಟರಿ ಸ್ಟಾಪಿನ ಬಸ್ಸು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅವರ ಮುಂದೆ ನಿಂತು ನಾನು ಕಾರ್ಪೊರೇಟ್ ಆಡಳಿತದ ಪಾಠ ಮಾಡಬೇಕು. ಕಂಪನಿ ನಡೆಸುವವರು ಯಾರಿಗೆ ಉತ್ತರ ಹೇಳಬೇಕು, ಷೇರು ಕೊಂಡವರಿಗೆ ಮಾತ್ರವೇ, ಅಥವಾ ಅಲ್ಲಿ ದುಡಿಯುವವರಿಗೆ, ಪಕ್ಕದ ಊರಿಗೆ, ಆ ಊರಿನ ನೀರಿಗೆ ಕೂಡ ಹೇಳಬೇಕೇ ಎನ್ನುವ ಪಾಠ.

ಎರಡು ವರ್ಷದ ಹಿಂದೆ ಈ ಪೇಪರ್ ಸಿಲಬಸ್ಸಿಗೆ ಸೇರಿದಾಗ ಸ್ಟಾಫ್ ರೂಮಿನಲ್ಲಿ ಯಾರೂ ಮುಂದೆ ಬರಲಿಲ್ಲ. "ನೀತಿ ಪಾಠ ತಾನೇ, ಜಲಜಾ ಮೇಡಂ ಮಾಡ್ಲಿ ಬಿಡಿ" ಎಂದು ನಗಾಡಿದರು. ನಾನು ಸಿಟ್ಟು ನುಂಗಿಕೊಂಡು ತೆಗೆದುಕೊಂಡೆ. ಪುಸ್ತಕ ತೆರೆದರೆ ಉದಾಹರಣೆಗಳೆಲ್ಲ ಅಮೆರಿಕದವು. ಮಕ್ಕಳು ಆ ಕಂಪನಿಗಳ ಹೆಸರನ್ನು ಉರು ಹೊಡೆದು ಪರೀಕ್ಷೆಯಲ್ಲಿ ಇಳಿಸಿ ಮರುದಿನ ಮರೆಯುತ್ತಿದ್ದರು. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ನಿಂತವಳಿಗೆ, ತಾನು ಹೇಳಿದ್ದು ಕಿಟಕಿಯಿಂದ ಹೊರಗೆ ಹೋಗುವುದು ಕಣ್ಣಿಗೆ ಕಾಣಿಸುತ್ತದೆ.

ಅದಕ್ಕೇ ಈ ವರ್ಷದ ಪ್ರಾಜೆಕ್ಟಿಗೆ ಒಂದು ನಿಯಮ ಮಾಡಿದೆ. ನೀವು ದಿನಾ ಹಾದುಹೋಗುವ ಒಂದು ಸಂಸ್ಥೆಯನ್ನು ಆರಿಸಿಕೊಳ್ಳಿ. ಅದರ ಗೇಟಿನೊಳಗೆ ಏನು ಹೋಗುತ್ತದೆ, ಹೊರಗೆ ಏನು ಬರುತ್ತದೆ ನೋಡಿ. ಹೀಗೇ ಆಗಲಿ ಎಂದು ತೀರ್ಮಾನಿಸಿದವರು ಯಾರು, ಕೇಳಿ.

"'ಆಡಳಿತ ಮಂಡಳಿ ತೀರ್ಮಾನಿಸಿತು' ಅಂತ ಬರೆದ್ರೆ ಎರಡು ಅಂಕ ಕಟ್," ಎಂದಿದ್ದೆ. "ಮಂಡಳಿಗೆ ಕೈಯಿಲ್ಲ, ಅದು ಪೆನ್ನು ಹಿಡಿಯಲ್ಲ. ಹಿಡಿಯೋದು ಮನುಷ್ಯರು. ಅವರ ಹೆಸರು ಬರೀರಿ."

"ಹೆಸ್ರು ಬರೆದ್ರೆ ಮನೆ ಮುಂದೆ ಸುಮೋ ಬಂದು ನಿಲ್ಲತ್ತೆ ಮೇಡಂ," ಎಂದ ಹಿಂದಿನ ಬೆಂಚಿನವನೊಬ್ಬ.

"ಬಂದ್ರೆ ನನ್ನ ಅಡ್ರೆಸ್ ಕೊಡಪ್ಪ."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಎಷ್ಟು ಸುಲಭವಾಗಿ ನಕ್ಕೆ ಎಂದು ಆಮೇಲೆ ಬಹಳ ಸಲ ನೆನಪಾಯಿತು.

ಮಾರ್ಚ್ ಕೊನೆಗೆ ಮೂವತ್ತೆಂಟು ಪ್ರಾಜೆಕ್ಟುಗಳು ನನ್ನ ಮೇಜಿನ ಮೇಲೆ ಬಿದ್ದವು. ಮೂವತ್ತಕ್ಕೂ ಹೆಚ್ಚು ಬ್ರೌಸಿಂಗ್ ಸೆಂಟರಿನಲ್ಲಿ ಇಳಿಸಿದ್ದು. ಒಂದರಲ್ಲಿ ಮದ್ರಾಸಿನ ಯಾವುದೋ ಹುಡುಗನ ಕೃತಜ್ಞತೆಯೂ ಹಾಗೇ ಉಳಿದಿತ್ತು, ಅವನ ಅತ್ತೆ ಮಾವನಿಗೆ ಸಹ ವಂದನೆ ಇತ್ತು. ಇಂದಿರಾನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಅವನ್ನು ಹರಡಿಕೊಂಡು ಕೆಂಪು ಪೆನ್ನಿನಲ್ಲಿ ಗೀಚುತ್ತಾ ಕೂತಿದ್ದಾಗ ಇನ್ಶೂರೆನ್ಸ್ ಆಫೀಸಿನಿಂದ ಬಂದ ನನ್ನ ಗಂಡ ಕೃಷ್ಣಸ್ವಾಮಿ, "ಏನೇ, ದೇಶದ ಕಂಪನಿಗಳೆಲ್ಲ ಸುಧಾರಿಸಿದ್ವಾ ಇವತ್ತು?" ಎಂದರು. ಅವರದು ಯಾವಾಗಲೂ ಅದೇ ತಮಾಷೆ. ನಾನು ತಟ್ಟೆ ಇಡಲು ಏಳಲಿಲ್ಲ. ಆ ಹೊತ್ತಿಗೆ ಹಂಸಳ ಪ್ರಾಜೆಕ್ಟು ತೆರೆದಿದ್ದೆ.

ಹಂಸ ಕಿಟಕಿ ಪಕ್ಕ ಕೂರುವ ಹುಡುಗಿ. ಹೆಚ್ಚು ಮಾತಿಲ್ಲ. ಕೆ.ಆರ್. ಪುರಂ ಆಚೆ, ನಮ್ಮ ಕಾಲೇಜಿನ ಹಿಂದೆಯೇ ಇರುವ ಹಳೇ ಊರಿನವಳು. ಅವಳು ಆರಿಸಿಕೊಂಡ ಸಂಸ್ಥೆ ನಮ್ಮ ಕಾಲೇಜು ನಡೆಸುವ ಟ್ರಸ್ಟು. ನಾಲ್ಕನೇ ಅಧ್ಯಾಯದಲ್ಲಿ ಎಲ್ಲವೂ ಇತ್ತು. ಕಾಲೇಜಿನ ಹಿಂದಿನ ಟ್ರಸ್ಟಿನ ಜಾಗವನ್ನು ಹೋದ ವರ್ಷ ಜೀನ್ಸ್ ಬಟ್ಟೆ ತೊಳೆಯುವ ವಾಷಿಂಗ್ ಯೂನಿಟ್ಟಿಗೆ ಕೊಟ್ಟಿದ್ದು. ಆ ಯೂನಿಟ್ಟು ಟ್ರಸ್ಟಿನ ಕಾರ್ಯದರ್ಶಿ ಕೆಂಪರಾಜ್ ಅವರದೇ ಆಗಿರುವುದು. ಅದರ ನೀರು ಕಾಲೇಜಿನ ಮೋರಿ ಸೇರಿ ಕೆರೆಗೆ ಬೀಳುವುದು. ದಿನಕ್ಕೆ ಎಷ್ಟು ಸಲ ಬಿಡುತ್ತಾರೆ, ಯಾವ ಹೊತ್ತಿಗೆ ನೀರು ನೀಲಿ, ಯಾವ ಹೊತ್ತಿಗೆ ಬೂದಿ ಬಣ್ಣ ಎಂದು ಮೂರು ವಾರ ನಿಂತು ಬರೆದುಕೊಂಡಿದ್ದಳು. ಕೆರೆ ಬದಿಯಲ್ಲಿ ಸೊಪ್ಪು ಬೆಳೆಯುವ ಒಂಬತ್ತು ಹೆಂಗಸರನ್ನು ಮಾತಾಡಿಸಿದ್ದಳು. ಹಲಸೂರು ಮಾರ್ಕೆಟ್ಟಿನಲ್ಲಿ ಅವರ ಕಟ್ಟುಗಳನ್ನು ಈಗ ಮೂಸಿ ನೋಡಿ ವಾಪಸ್ ಇಡುತ್ತಾರಂತೆ.

ನನ್ನ ಮಗಳು ಆಶ್ರಿತಾ ಹಿಂದಿನ ವಾರವಷ್ಟೇ ಕಮರ್ಷಿಯಲ್ ಸ್ಟ್ರೀಟಿನಿಂದ ಮೊಣಕಾಲು ಸವೆದಂತೆ ಕಾಣುವ ಜೀನ್ಸ್ ತಂದಿದ್ದಳು. ಹೊಸ ಬಟ್ಟೆಯನ್ನು ಹಳೆಯದು ಮಾಡಲು ಇಷ್ಟು ನೀರು ಬೇಕೆಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಬ್ಬ ವಿದ್ಯಾರ್ಥಿನಿ ನನಗೇ ಏನೋ ಕಲಿಸುತ್ತಿದ್ದಳು. ಆ ಖುಷಿಯಲ್ಲೂ ನನ್ನ ಕೈ ಸುಮ್ಮನಿರಲಿಲ್ಲ. ಆ ಜಾಗ ಮತ್ತು ಮೋರಿಗೆ ಒಪ್ಪಿಗೆ ಕೊಟ್ಟದ್ದು ಟ್ರಸ್ಟಿನ ಏಳು ಜನರ ಆಡಳಿತ ಮಂಡಳಿ ಎಂದು ಬರೆದು, ಹಂಸ ಆರು ಹೆಸರು ಮಾತ್ರ ಕೊಟ್ಟಿದ್ದಳು. ಅಧ್ಯಕ್ಷ ಮುನಿಆಂಜನಪ್ಪ, ಅವರ ಹೆಂಡತಿ, ಮಗ ಕೆಂಪರಾಜ್, ಅಳಿಯ, ಒಬ್ಬ ವಕೀಲರು, ನಮ್ಮ ಪ್ರಿನ್ಸಿಪಾಲ್ ಪ್ರೇಮ್‌ಕುಮಾರ್. ನಾನು ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ: ಏಳನೆಯವರು ಯಾರು? ಅಪೂರ್ಣ. ಎರಡು ಅಂಕ ಕಡಿತ.

ಮರುದಿನ ಪ್ರಾಜೆಕ್ಟುಗಳನ್ನು ತಿದ್ದಿಕೊಂಡು ಬರಲು ಹಿಂತಿರುಗಿಸಿದೆ. ಹಂಸ ಆ ಪುಟ ತೆರೆದಳು, ಓದಿದಳು, ಮುಚ್ಚಿದಳು.

"ಅದೊಂದು ಹೆಸರು ಸೇರಿಸಿ ತಾ ಅಮ್ಮ, ಬಹಳ ಚೆನ್ನಾಗಿದೆ," ಎಂದೆ.

"ಇರ್ಲಿ ಮೇಡಂ, ಎರಡು ಅಂಕ ತಾನೇ," ಎಂದು ಹೊರಟುಹೋದಳು.

ಈ ಕಾಲದ ಮಕ್ಕಳ ಉಡಾಫೆ ಎಂದುಕೊಂಡು ನಾನು ಆ ದಿನವೆಲ್ಲ ಸಿಡುಕಿದೆ.

ಸೋಮವಾರ ಪ್ರಿನ್ಸಿಪಾಲರ ಕರೆ ಬಂತು. ಹಂಸಳ ಪ್ರಾಜೆಕ್ಟಿನ ಜೆರಾಕ್ಸ್ ಅವರ ಮೇಜಿನ ಮೇಲಿತ್ತು. ಜೆರಾಕ್ಸ್ ಅಂಗಡಿಯಿಂದಲೇ ಅದು ಕೆಂಪರಾಜ್ ಕೈಗೆ ಹೋಗಿತ್ತಂತೆ.

"ಕೂತ್ಕೊಳ್ಳಿ ಮೇಡಂ. ನಾಲ್ಕನೇ ಚಾಪ್ಟರ್ ತೆಗೆಸ್ಬಿಡಿ."

"ಅದು ತೆಗೆದ್ರೆ ಉಳಿಯೋದು ಮುನ್ನುಡಿ ಮಾತ್ರ ಸಾರ್."

"ಮುನ್ನುಡಿ ಮೇಲೇನೇ ಪಾಸ್ ಆಗಿರೋರು ಎಷ್ಟು ಜನ ಇಲ್ಲ. ಗುರುವಾರ ಲಾಸ್ಟ್ ಡೇಟು. ನೀವು ಗೈಡ್ ಅಂತ ಸರ್ಟಿಫಿಕೇಟಿಗೆ ಸಹಿ ಹಾಕ್ಬೇಕು, ನಾನು ಸೀಲ್ ಹಾಕ್ಬೇಕು. ಈ ಚಾಪ್ಟರ್ ಇದ್ರೆ ನನ್ನ ಸೀಲ್ ಇಲ್ಲ. ಸೀಲ್ ಇಲ್ದಿದ್ರೆ ವೈವಾ ಇಲ್ಲ. ಆ ಹುಡ್ಗಿಗೆ ಒಂದು ವರ್ಷ ಹೋಗತ್ತೆ. ನಿಮಗೆ ಬೇಕಾ ಅದು?"

"ಅವಳು ಸುಳ್ಳು ಬರೆದಿದ್ದಾಳಾ?"

"ಸುಳ್ಳು ಅಂತ ಯಾರು ಹೇಳಿದ್ರು? ತೆಗೀರಿ ಅಂತ ಹೇಳ್ದೆ."

ನನಗೆ ಮೈ ಉರಿಯಿತು. "ಸಾರ್, ಕೆರೆಗೆ ನೀರು ಬಿಡೋದಕ್ಕೆ ಏಳು ಜನ ಕೂತು ಒಪ್ಪಿಗೆ ಕೊಟ್ರು ಅಂತ ಇದೆ. ಈ ಕಾಲೇಜಿಗೆ ಬಂದು ಹನ್ನೊಂದು ವರ್ಷ ಆಯ್ತು, ಮಂಡಳಿ ಸಭೆ ಅಂತ ನಡೆದಿದ್ದನ್ನ ನಾನು ಒಂದಿನ ನೋಡಿಲ್ಲ. ಸೇರಿದ್ದು ನಿಜವಾದ್ರೆ ಮಿನಿಟ್ಸ್ ಪುಸ್ತಕ ತೋರ್ಸಿ. ಸೇರದೇನೇ ಸಹಿ ಹಾಕಿದ್ರೆ, ಹಾಕಿದವರು ಅದಕ್ಕೆ ಉತ್ತರ ಹೇಳ್ಲಿ."

ಪ್ರೇಮ್‌ಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚು ಕಂಡಿತು.

"ಆಫೀಸಲ್ಲಿ ಶಂಶುನ್ನೀಸಾ ಹತ್ರ ಇದೆ. ನೋಡ್ಕೊಂಡು ಬನ್ನಿ. ಆಮೇಲೆ ಮಾತಾಡೋಣ."

ಶಂಶುನ್ನೀಸಾ ನಮ್ಮ ಆಫೀಸಿನ ಸೂಪರಿಂಟೆಂಡೆಂಟ್. ಶಿವಾಜಿನಗರದಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಕಾಲೇಜಿನಲ್ಲಿ ಅವಳಷ್ಟು ದುಂಡಗಿನ ಕೈಬರಹ ಯಾರದೂ ಇಲ್ಲ. ನಾನು ಪುಸ್ತಕ ಕೇಳಿದಾಗ ಅವಳು ತಕ್ಷಣ ಏಳಲಿಲ್ಲ.

"ಯಾಕೆ ಮೇಡಂ ಈಗ?"

"ಪ್ರಿನ್ಸಿಪಾಲರೇ ಕಳಿಸಿದ್ದು. ಕೊಡಿ."

ಬೀರುವಿನಿಂದ ತೆಗೆದು ನನ್ನ ಮುಂದಿಟ್ಟಳು. ಹಸಿರು ರಟ್ಟಿನ, ಉದ್ದನೆಯ ಪುಸ್ತಕ. ರಟ್ಟಿನ ಮೇಲೆ ಅರಿಸಿನ ಒಣಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ಗುರುತು ಹತ್ತಿತು.

ನಮ್ಮ ಅಧ್ಯಕ್ಷರು ಮುನಿಆಂಜನಪ್ಪನವರು ಓದಿದವರಲ್ಲ. ತಮ್ಮ ರಾಗಿ ಹೊಲದಲ್ಲಿ ಕಾಲೇಜು ಕಟ್ಟಿಸಿದವರು. ಆಯುಧಪೂಜೆಯ ದಿನ ಅವರದೊಂದು ಪದ್ಧತಿ. ಲ್ಯಾಬಿನ ಕಂಪ್ಯೂಟರು, ಕಾಲೇಜು ಬಸ್ಸು, ಗಂಟೆ, ಎಲ್ಲಕ್ಕೂ ಕುಂಕುಮ ಇಟ್ಟಾದ ಮೇಲೆ ಹೊಸ ಪುಸ್ತಕಗಳ ಸಾಲು. ಹಾಜರಿ ಪುಸ್ತಕ, ಲೈಬ್ರರಿ ಪುಸ್ತಕ, ಇನ್ನೂ ಏನೇನೋ. ಖಾಲಿ ಪುಸ್ತಕ ತೆರೆದಿಟ್ಟು, ಹಿರಿಯರೆಲ್ಲ ಒಂದಷ್ಟು ಹಾಳೆಗಳ ಕೆಳಗೆ ಶುಭಕ್ಕೆಂದು ಸಹಿ ಹಾಕಬೇಕು. "ಮೇಷ್ಟ್ರಮ್ಮ, ಮೊದ್ಲು ನಿಮ್ ಕೈ ಬೀಳ್ಳಿ. ಸರಸ್ವತಿ ಇರೋ ಕೈ," ಎಂದು ಅವರು ನನಗೇ ಪೆನ್ನು ಕೊಡುತ್ತಿದ್ದರು. ಆರು ವರ್ಷದಿಂದ ನಾನು ಹಾಳೆಯ ತೀರಾ ತಳದಲ್ಲಿ ಸಹಿ ಹಾಕಿ, ಕಡ್ಲೆಪುರಿ, ಸಿಹಿ ಡಬ್ಬ ಹಿಡಿದು ಮನೆಗೆ ಬರುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಒಂದು ದಿನಕ್ಕಾಗಿ ಕಾಯುತ್ತಿದ್ದೆ. ಮನೆಯಲ್ಲಿ ತಮಾಷೆ, ಸ್ಟಾಫ್ ರೂಮಿನಲ್ಲಿ ತಮಾಷೆ. ಅಲ್ಲೊಬ್ಬರು ನನ್ನ ಕೈಗೆ ಬೆಲೆ ಕೊಡುತ್ತಿದ್ದರು.

ಶಂಶುನ್ನೀಸಾ ಪುಟ ತಿರುಗಿಸಿದಳು. ಅವಳ ದುಂಡಗಿನ ಅಕ್ಷರದಲ್ಲಿ ಠರಾವು. ಹಿಂಭಾಗದ ಜಾಗವನ್ನು ಗುತ್ತಿಗೆಗೆ ಕೊಡುವುದು, ನೀರು ಹರಿಯಲು ಕಾಲೇಜಿನ ಮೋರಿ ಬಳಸಲು ಅನುಮತಿಸುವುದು, ಸರ್ವಾನುಮತದಿಂದ ಅಂಗೀಕರಿಸಲಾಯಿತು. ಕೆಳಗೆ ಏಳು ಸಹಿ. ಕೊನೆಯದರ ಮುಂದೆ, ಸಿಬ್ಬಂದಿ ಪ್ರತಿನಿಧಿ. ಆ ಸಹಿಯ ಪಕ್ಕ ಕುಂಕುಮದ ಒಂದು ಬೆರಳಚ್ಚು. ಪೂಜೆಯ ತಟ್ಟೆ ಮುಟ್ಟಿದ್ದ ನನ್ನ ಬೆರಳು.

"ನಾನು ಮೆಂಬರ್ ಅಂತ ಯಾರೂ ಹೇಳ್ಲಿಲ್ಲವಲ್ಲ ಶಂಶು."

"ರೂಲ್ಸಲ್ಲಿ ಸ್ಟಾಫಿಂದ ಒಬ್ರು ಇರ್ಬೇಕು ಮೇಡಂ. ನೀವು ಹೆಂಗೂ ಸಹಿ ಹಾಕ್ತಿದ್ರಿ. ಸಣ್ಣ ಸಾಹೇಬ್ರು, ಕೆಂಪರಾಜ್ ಅವರು, ಡ್ರಾಫ್ಟ್ ಕೊಡ್ತಾರೆ, ನಾನು ಮೇಲ್ಗಡೆ ಬರೀತೀನಿ. ನೀವು ಕ್ಲಾಸಲ್ಲಿ ಇದನ್ನೇ ಪಾಠ ಮಾಡ್ತೀರಿ ಅಂತ ಹುಡುಗ್ರು ಹೇಳ್ತಾರೆ. ನಿಮಗೆ ಗೊತ್ತಿದ್ದೇ ಹಾಕ್ತೀರಿ ಅಂದ್ಕೊಂಡೆ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಹಂಸ ಇದನ್ನ ನೋಡಿದ್ಲಾ?"

"ನೋಡಿದ್ಲು. ದಾಖಲೆ ಕೇಳಿ ಅಂತ ನೀವೇ ಹೇಳಿದ್ರಂತೆ. ಹುಡುಗರು ಯಾರೂ ಕೇಳಲ್ಲ, ಇವಳು ಕೇಳಿದ್ಲಲ್ಲ ಅಂತ ಕೊಟ್ಬಿಟ್ಟೆ. ಹೆಸ್ರು ಎಲ್ಲಾ ಬರ್ಕೊಂಡ್ಲು. ಕೊನೇದಕ್ಕೆ ಬಂದು ಪೆನ್ನು ಮುಚ್ಚಿ ಸುಮ್ನೆ ಕೂತ್ಲು. ನೀರು ಬೇಕಾ ಮಗಾ ಅಂದೆ. ಬೇಡ ಅಂದ್ಲು."

ನಾನು ಅಂಚಿನಲ್ಲಿ ಬರೆದ ಕೆಂಪು ಅಕ್ಷರ ನೆನಪಾಯಿತು. ಅಪೂರ್ಣ. ಎರಡು ಅಂಕ ಕಡಿತ.

ಆ ಸಂಜೆ ಗಂಡನಿಗೆ ಹೇಳಿದೆ. ಯಾಕೆ ಹೇಳಿದೆನೋ. ಅವರು ಪೇಪರು ಮಡಿಸಿ ಪಕ್ಕಕ್ಕಿಟ್ಟು, "ಚಾಪ್ಟರ್ ತೆಗೆಸ್ಬಿಡು. ಹುಡುಗಿ ಪಾಸಾಗ್ತಾಳೆ, ನಿನ್ನ ಹೆಸರೂ ಹೊರಗೆ ಬರಲ್ಲ. ಯಾರಿಗೆ ನಷ್ಟ?" ಎಂದರು. ತಮಾಷೆ ಮಾಡಲಿಲ್ಲ. ಅವರು ತಮಾಷೆ ಮಾಡದೆ ಹೇಳಿದ ಮಾತು ನನ್ನ ಮನಸ್ಸಿನಲ್ಲೂ ಆಗಲೇ ಇತ್ತು ಎನ್ನುವುದೇ ನನ್ನನ್ನು ಹೆಚ್ಚು ಕೆರಳಿಸಿತು. ನನ್ನ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಕೆಂಪರಾಜ್ ಮೇಲೆ ಹೊರಟರೆ ದಾರಿಯಲ್ಲಿ ನನ್ನ ಬೆರಳಚ್ಚು ಸಿಗುತ್ತಿತ್ತು.

ಮಂಗಳವಾರ ಮಧ್ಯಾಹ್ನ ಕಾಲೇಜಿನ ಹಿಂದಿನ ಗೇಟಿನಿಂದ ಹಂಸಳ ಮನೆಗೆ ನಡೆದೆ. ಹನ್ನೊಂದು ವರ್ಷದಲ್ಲಿ ಆ ಗೇಟು ದಾಟಿದ್ದು ಅದೇ ಮೊದಲು. ಮೋರಿ ಪಕ್ಕದಲ್ಲೇ ದಾರಿ. ನೀರು ಆಗ ನೀಲಿಯಾಗಿತ್ತು, ಶಾಯಿಯ ಬಾಟಲಿ ತೊಳೆದಂತೆ. ಬಿಸಿಯಾಗಿತ್ತು ಕೂಡ, ಆವಿ ಕಾಣುತ್ತಿತ್ತು.

ಹಂಸಳ ಅಜ್ಜಿ ರಾಮಲಕ್ಷ್ಮಮ್ಮ ಜಗಲಿಯ ಮೇಲೆ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಹಂಸ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು.

"ಯಾಕೆ ಬಿಟ್ಟೆ ನನ್ನ ಹೆಸರು?" ಎಂದೆ.

ಹಂಸ ಅಜ್ಜಿಯ ಕಡೆ ನೋಡಿದಳು. "ನೀವು ಬೇಕು ಅಂತ ಮಾಡಿರಲ್ಲ ಅನ್ನಿಸ್ತು ಮೇಡಂ."

"ಹಾಗಂತ ಆ ಆರು ಜನಾನೂ ಹೇಳ್ಬಹುದು."

"ಅವರು ನಂಗೆ ಪಾಠ ಮಾಡಿಲ್ಲ." ಅವಳ ದನಿ ಗಟ್ಟಿಯಾಯಿತು. "ನೀವು ಮಾಡಿದ ಪಾಠಾನೂ ನಿಜ ಅಲ್ಲ ಅಂತಾದ್ರೆ, ನಾನು ಮೂರು ವಾರ ಮೋರಿ ಹತ್ರ ಯಾಕೆ ನಿಂತಿದ್ದೆ? ಅದಕ್ಕೇ ಬಿಟ್ಟೆ. ನಿಮಗೋಸ್ಕರ ಅಲ್ಲ. ನನಗೋಸ್ಕರ. ಆಮೇಲೆ ನೀವೇ ಕೆಂಪಿಂಕಲ್ಲಿ ಅಪೂರ್ಣ ಅಂತ ಬರೆದ್ರಿ. ರಾತ್ರಿಯೆಲ್ಲ ಸಿಟ್ಟು ಬಂತು ನಂಗೆ."

ಅಜ್ಜಿ ಕೇಳಿದರು, "ಏನದು, ಯಾವ ಸಹಿ?"

ಹಂಸ ನಾಲ್ಕು ಮಾತಿನಲ್ಲಿ ಹೇಳಿದಳು. ಪೂಜೆ, ಖಾಲಿ ಹಾಳೆ, ಮೋರಿ.

ರಾಮಲಕ್ಷ್ಮಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನಂಗೆ ಓದು ಬರಲ್ಲ ಕಣಮ್ಮ. ಜಮೀನು ಕೇಳ್ಕೊಂಡು ಎಷ್ಟು ಜನ ಬಂದ್ರು, ಕಾರಲ್ಲಿ ಬಂದ್ರು, ಸೀರೆ ತಂದ್ರು. ಬರೀ ಹಾಳೆಗೆ ಮಾತ್ರ ಹೆಬ್ಬೆಟ್ಟು ಒತ್ತಲಿಲ್ಲ ನಾನು. ಮೇಲೆ ಬರಿ, ಓದಿ ಹೇಳು, ಆಮೇಲೆ ನೋಡಾಣ ಅಂದೆ. ನೀನು ಅಷ್ಟು ಓದ್ಕೊಂಡು ಅದೆಂಗೆ ಒತ್ತಿದೆ?"

"ಪೂಜೆ ಅಂತ ಅಂದ್ಕೊಂಡೆ ಅಜ್ಜಿ."

"ಪೂಜೆಗೆ ಹೂವ ಇಡ್ತಾರೆ," ಎಂದು ಅವರು ಸೊಪ್ಪಿಗೆ ತಿರುಗಿದರು. ಹೊರಡುವಾಗ ಕಾಫಿ ಕೊಟ್ಟರು, ಆದರೆ ಸೊಪ್ಪು ಕೊಡಲಿಲ್ಲ. "ಇದು ನಾವೇ ತಿಂತಿಲ್ಲ, ಎಮ್ಮೆಗೆ," ಎಂದರು.

ಬುಧವಾರ ಹಂಸ, ನಾನು ಟಿನ್ ಫ್ಯಾಕ್ಟರಿಯ ಬಳಿಯ ಡಿ.ಟಿ.ಪಿ. ಅಂಗಡಿಯಲ್ಲಿ ಕೂತು ಆ ಪುಟ ಬದಲಿಸಿದೆವು. ಅಂಗಡಿಯ ಮುನಾವರ್ ಕೀಲಿಮಣೆಯ ಮೇಲೆ ಕೈಯಿಟ್ಟು, "ಏಳನೇದು ಹೇಳಿ," ಎಂದ. ಹಂಸ ಹೇಳಲಿಲ್ಲ. ನಾನೇ ಹೇಳಿದೆ. ಶ್ರೀಮತಿ ಜಲಜಾ ಕೃಷ್ಣಸ್ವಾಮಿ, ಸಿಬ್ಬಂದಿ ಪ್ರತಿನಿಧಿ. ಈ ಪ್ರಾಜೆಕ್ಟಿನ ಮಾರ್ಗದರ್ಶಕಿ.

"ಎರಡೂ ನೀವೇನಾ?" ಎಂದ ಮುನಾವರ್.

"ಎರಡೂ ನಾನೇ. ಹೊಡಿ."

ಗುರುವಾರ ಬೈಂಡು ಮಾಡಿದ ಪ್ರಾಜೆಕ್ಟನ್ನೂ, ನಾನೇ ಕೈಯಲ್ಲಿ ಬರೆದ ಒಂದು ಪತ್ರವನ್ನೂ ಪ್ರೇಮ್‌ಕುಮಾರ್ ಮುಂದಿಟ್ಟೆ. ಆಯುಧಪೂಜೆಯ ದಿನ ಖಾಲಿ ಹಾಳೆಗಳಿಗೆ ನಾನು ಸಹಿ ಹಾಕಿದ್ದೇನೆ, ಯಾವ ಸಭೆಗೂ ಹೋಗಿಲ್ಲ, ಆ ಠರಾವಿಗೆ ನನ್ನ ಒಪ್ಪಿಗೆ ಕೇಳಿಲ್ಲ ಎಂದು ಅದರಲ್ಲಿತ್ತು. ಅವರು ಮೊದಲು ಪುಟ ತೆರೆದು ಏಳು ಹೆಸರು ಓದಿದರು.

"ನಿಮ್ಮ ಹೆಸರು ನೀವೇ ಹಾಕ್ಸಿದ್ರಾ?"

"ಹೌದು. ಸರ್ಟಿಫಿಕೇಟಿಗೆ ಸಹಿನೂ ಹಾಕಿದ್ದೀನಿ. ನೀವು ಸೀಲ್ ಹಾಕಲ್ಲ ಅಂದ್ರೆ ಯಾಕೆ ಹಾಕಲಿಲ್ಲ ಅಂತ ಯೂನಿವರ್ಸಿಟಿಗೆ ತಿಳಿಸ್ಬೇಕಾಗತ್ತೆ. ಆಗ ಈ ಪತ್ರಾನೂ ಜೊತೆಗೆ ಕಳಿಸ್ತೀನಿ. ಹಾಕಿದ್ರೆ ಇದು ಟ್ರಸ್ಟಿಗೆ ಮಾತ್ರ. ನೀವೂ ಆ ಹಾಳೆಗಳಿಗೆ ನನ್ನ ಪಕ್ಕ ನಿಂತೇ ಸಹಿ ಹಾಕಿದ್ದು ಸಾರ್. ನಿಮ್ಮ ಪೆನ್ನು ಬರೀಲಿಲ್ಲ ಅಂತ ನನ್ನ ಕೈಲಿದ್ದಿದ್ದು ತಗೊಂಡ್ರಿ."

ಅವರು ಪತ್ರವನ್ನು ಎರಡು ಸಲ ಓದಿದರು. ಕೊನೆಗೆ ಡ್ರಾಯರ್ ಎಳೆದು ಸೀಲ್ ತೆಗೆದರು. ಇಂಕ್ ಪ್ಯಾಡ್ ಒಣಗಿತ್ತು. ಎರಡು ಹನಿ ನೀರು ಬಿಟ್ಟು, ಒತ್ತಿ ಒತ್ತಿ, ಅರ್ಧಂಬರ್ಧ ಮೂಡಿದ ಸೀಲು ಹಾಕಿ ನನ್ನ ಕಡೆ ತಳ್ಳಿದರು.

"ಇದರಿಂದ ಕೆರೆ ಸರಿಹೋಗುತ್ತಾ ಮೇಡಂ?"

"ಇಲ್ಲ ಸಾರ್."

ಮರುವಾರ ಮುಂದಿನ ವರ್ಷದ ಟೈಮ್‌ಟೇಬಲ್ಲು ಹಾಕಿದರು. ನನ್ನ ಪೇಪರ್ ಬೇರೆಯವರಿಗೆ ಹೋಗಿ, ನನಗೆ ಮೊದಲ ವರ್ಷದ ಬಿಸಿನೆಸ್ ಮ್ಯಾಥ್ಸ್ ಬಂದಿತ್ತು. ಟ್ರಸ್ಟಿಗೆ ಕೊಟ್ಟ ಪತ್ರಕ್ಕೆ ಉತ್ತರ ಬರಲಿಲ್ಲ. ಕಾರಿಡಾರಿನಲ್ಲಿ ಎದುರಾದ ಕೆಂಪರಾಜ್, "ಏನ್ ಮೇಡಂ, ಮಿನಿಟ್ಸ್ ಎಲ್ಲ ಚೆಕ್ ಮಾಡ್ತಿದ್ದೀರಂತೆ," ಎಂದು ನಗುತ್ತಲೇ ಹೋದರು. ಮೋರಿ ಎಂದಿನಂತೆ ಹರಿಯುತ್ತಿತ್ತು.

ಮೇ ತಿಂಗಳಲ್ಲಿ ವೈವಾ. ಹೊರಗಿನ ಪರೀಕ್ಷಕರು ಬೆನ್ಸನ್ ಟೌನಿನಿಂದ ಬಂದಿದ್ದ ಇನಾಯತ್ ಉಲ್ಲಾ ಎನ್ನುವ ಹಿರಿಯರು. ಒಳಗಿನ ಪರೀಕ್ಷಕಿ ನಾನು. ಸೆಕೆ, ಫ್ಯಾನು ತಿರುಗುತ್ತಿರಲಿಲ್ಲ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಅವರು ಪುಟ ತಿರುವುತ್ತಾ ಪ್ರತಿಯೊಬ್ಬರಿಗೂ ಅದೇ ಎರಡು ಪ್ರಶ್ನೆ ಕೇಳುತ್ತಾ, ಮಾರ್ಜಿನ್ ಸರಿಯಿಲ್ಲ ಎಂದು ಗೊಣಗುತ್ತಾ ಬಂದರು. ಹಂಸಳ ಪ್ರಾಜೆಕ್ಟನ್ನೂ ಹಾಗೇ ತಿರುವಿದರು. ನಾಲ್ಕನೇ ಅಧ್ಯಾಯದಲ್ಲಿ ಕೈ ನಿಂತಿತು.

"ಈ ಏಳನೇ ಹೆಸರು..." ಎಂದು ಸರ್ಟಿಫಿಕೇಟ್ ಪುಟಕ್ಕೆ ಹಿಂತಿರುಗಿ, ಮತ್ತೆ ಬಂದು, ಪಕ್ಕದಲ್ಲಿದ್ದ ನನ್ನನ್ನು ನೋಡಿದರು. ನಂತರ ಹಂಸಳನ್ನು ಕೇಳಿದರು. "ಇವರು ಯಾರಮ್ಮ?"

ಹಂಸ ನನ್ನ ಕಡೆ ನೋಡಿದಳು. ಅಂದು ಬಾಗಿಲಲ್ಲಿ ನಿಂತಿದ್ದ ಹಾಗೆಯೇ ನಿಂತಿದ್ದಳು. ಈಗಲೂ ನನ್ನನ್ನು ಉಳಿಸುವ ದಾರಿ ಹುಡುಕುತ್ತಿದ್ದಳು. ನಾನು ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟೆ.

"ಹೇಳಮ್ಮ," ಎಂದೆ.

"ನಮ್ಮ ಗೈಡ್ ಸಾರ್. ಜಲಜಾ ಮೇಡಂ."

"ಅಚ್ಛಾ. ಓದಿಯೋ ಓದದೆಯೋ ಸಹಿ ಹಾಕಿದ್ದು, ಆ ನೀರು ಕೆರೆಗೆ ಹೋಗಿದ್ದು. ಅದರಲ್ಲಿ ಇವರ ಜವಾಬ್ದಾರಿ ಇದೆಯಾ?"

"ಇದೆ ಸಾರ್."

"ಗೊತ್ತಿರಲಿಲ್ಲ ಅಂದ್ರೂ?"

ಹಂಸ ಈ ಸಲ ನನ್ನ ಕಡೆ ನೋಡಲಿಲ್ಲ. "ಗೊತ್ತು ಮಾಡ್ಕೊಳ್ಳೋದೇ ಅವರ ಕೆಲಸ ಸಾರ್. ಅವರೇ ಹೇಳಿಕೊಟ್ಟಿದ್ದು."

ಇನಾಯತ್ ಉಲ್ಲಾ ಪ್ರಾಜೆಕ್ಟು ಮುಚ್ಚಿ, ಅಂಕಪಟ್ಟಿಯನ್ನು ನನ್ನ ಮುಂದೆ ಸರಿಸಿದರು. ಹಂಸಳ ಹೆಸರಿನ ಮುಂದೆ ನನ್ನ ಪಾಲಿನ ಐವತ್ತಕ್ಕೆ ನಲವತ್ತೆಂಟು ಬರೆದೆ. ಮೊದಲು ಕಡಿದಿದ್ದ ಎರಡು ಅಂಕವನ್ನು ವಾಪಸ್ ಕೊಟ್ಟು ಬಂದ ನಲವತ್ತೆಂಟು. ಪಟ್ಟಿಯ ಕೆಳಗೆ ಪರೀಕ್ಷಕರ ಸಹಿಗೆ ಜಾಗವಿತ್ತು. ಅವರು ಸಹಿ ಹಾಕಿ ಪೆನ್ನು ನನಗೆ ಕೊಟ್ಟು, "ಈಗಲೇ ಹಾಕ್ಬಿಡಿ ಮೇಡಂ, ಉಳಿದ ಅಂಕ ಆಮೇಲೆ ತುಂಬಿಸಿಕೊಳ್ಳೋಣ, ಊಟದ ಹೊತ್ತಾಯ್ತು," ಎಂದರು.

ಇನ್ನೂ ಹನ್ನೊಂದು ಮಕ್ಕಳು ಹೊರಗೆ ಕಾಯುತ್ತಿದ್ದರು. ಅವರ ಹೆಸರುಗಳ ಮುಂದೆ ಜಾಗ ಖಾಲಿಯಿತ್ತು.

"ಎಲ್ಲ ತುಂಬಿದ ಮೇಲೆ ಹಾಕ್ತೀನಿ ಸಾರ್," ಎಂದು ಪೆನ್ನು ಹಿಂತಿರುಗಿಸಿ, ಮುಂದಿನವರನ್ನು ಕರೆದೆ.